ಕಂಪ್ಯೂಟರಿನ ಪಾಠ ಟ್ಯಾಬ್‌ನಲ್ಲಿ ತೆರೆದಾಗ

ಜಾವಳಿ ಕಡೆಯ ಶಾಲೆಯೊಂದರ ಬೋಧನಾಭ್ಯಾಸಕ್ಕೆ ಪ್ರಶಿಕ್ಷಣಾರ್ಥಿಯೊಬ್ಬರು ಹೇಮಾವತಿಯ ಉಗಮದ ಪಾಠವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತಂದಿದ್ದರು. ಮಳೆಗೆ ಕರೆಂಟು ಹೋಯಿತು. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ಮಕ್ಕಳು ನಕ್ಕರು.

ತಪ್ಪು ಟ್ಯಾಬ್‌ನದಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ‘ಕ’ ಅಕ್ಷರಕ್ಕೆ ತನ್ನದೇ ಸಂಖ್ಯೆ, 3221. ವಿಂಡೋಸ್, ಉಬುಂಟು, ಆಂಡ್ರಾಯ್ಡ್, ಐಪ್ಯಾಡ್ ಎಲ್ಲಕ್ಕೂ ಅದು ‘ಕ’ ಅಕ್ಷರವೇ. ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಆಯ್ಕೆಯಿದೆ, ರೂಢಿಯಾದ ಕೆ.ಪಿ. ರಾವ್ ಕೀಲಿವಿನ್ಯಾಸ ಬಿಡಬೇಕಿಲ್ಲ.

ಉದ್ದದ ಬರಹಕ್ಕೆ ಕೀಲಿಮಣೆಯೇ ಸಲೀಸು. ಮಲೆನಾಡಿನ ಮಳೆಗಾಲದ ತರಗತಿಗೆ ಬ್ಯಾಟರಿಯಿರುವ ಟಚ್ ಪರದೆಯೇ ಆಸರೆ. ಪಾಠದ ಹಿಂದಿನ ಸಂಜೆ ಎರಡರಲ್ಲೂ ತೆರೆದು ನೋಡಿ.