ಸಾಧನೆಯ ಅಳತೆ ಮತ್ತು ಬ್ಯಾಂಕಿನ ಲಾಭ: ಯಾವುದು ಯಾವುದಕ್ಕೆ ಕಾರಣ?

ಸಾಧನೆ ಅಳೆಯುವ ಚೌಕಟ್ಟು ಚೆನ್ನಾಗಿದ್ದರೆ ಬ್ಯಾಂಕಿನ ಲಾಭ ಹೆಚ್ಚುತ್ತದೆ ಅಂತ ನಮ್ಮ ಪ್ರಬಂಧಗಳಲ್ಲಿ ಸಲೀಸಾಗಿ ಬರೆದುಬಿಡುತ್ತೇವೆ. ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಷ್ಟನ್ನು ಲಾಭ ಅಂತ ಕರೆಯಬೇಕು, ಅದು ಯಾವ ವರ್ಷದ ಲೆಕ್ಕದಲ್ಲಿ ಕಾಣಬೇಕು ಅನ್ನೋದನ್ನೇ ಅಳತೆ ತೀರ್ಮಾನಿಸುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಎರಡು ಬ್ಯಾಂಕುಗಳು, ಎರಡರ ಆಸ್ತಿಯೂ 100 ರೂಪಾಯಿ, ನಿವ್ವಳ ಲಾಭವೂ 1 ರೂಪಾಯಿ. ಒಂದರ ಸ್ವಂತ ಬಂಡವಾಳ 5, ಇನ್ನೊಂದರದು 10. ಆಸ್ತಿಯ ಮೇಲಿನ ಪ್ರತಿಫಲ ಎರಡಕ್ಕೂ ಶೇ. 1. ಬಂಡವಾಳದ ಮೇಲಿನ ಪ್ರತಿಫಲ ಮಾತ್ರ ಒಂದಕ್ಕೆ ಶೇ. 20, ಇನ್ನೊಂದಕ್ಕೆ ಶೇ. 10. ನಷ್ಟ ತಡೆಯುವ ಶಕ್ತಿ ಕಡಿಮೆಯಿರುವ ಬ್ಯಾಂಕೇ ಇಲ್ಲಿ ಜಾಣ ಅನ್ನಿಸಿಕೊಳ್ಳುತ್ತದೆ!

ಹೀಗಾಗಬಾರದು ಅಂತಲೇ ಮೇಲ್ವಿಚಾರಕರು ಕ್ಯಾಮೆಲ್ಸ್ ಚೌಕಟ್ಟು ಬಳಸೋದು. ಬಂಡವಾಳ, ಆಸ್ತಿಯ ಗುಣಮಟ್ಟ, ಆಡಳಿತ, ಗಳಿಕೆ, ದ್ರವ್ಯತೆ, ಮಾರುಕಟ್ಟೆ ಅಪಾಯ ಎಲ್ಲವೂ ಅದರಲ್ಲಿವೆ. ಆದರೆ ಇವು ಒಂದಕ್ಕೊಂದು ಅಂಟಿಕೊಂಡಿವೆ. ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಅದು ವಸೂಲಾಗದ ಸಾಲ. ಕೈಗೆ ಬಾರದ ಬಡ್ಡಿಯನ್ನು ಆದಾಯ ಅನ್ನುವಂತಿಲ್ಲ, ಲಾಭದಿಂದ ಒಂದಿಷ್ಟು ತೆಗೆದಿಡಲೂಬೇಕು. ಅದೇ ಸಾಲವನ್ನು ‘ಪುನರ್ರಚಿಸಿ’ ಒಳ್ಳೆಯ ಸಾಲದ ಪಟ್ಟಿಯಲ್ಲೇ ಉಳಿಸಿಕೊಂಡರೆ? ಗುಣಮಟ್ಟಕ್ಕೂ ಒಳ್ಳೆ ಅಂಕ, ಗಳಿಕೆಗೂ ಒಳ್ಳೆ ಅಂಕ.

ಆ ರಿಯಾಯಿತಿಯನ್ನು ರಿಸರ್ವ್ ಬ್ಯಾಂಕ್ 2015ರ ಏಪ್ರಿಲ್‌ನಿಂದ ಬಹುಪಾಲು ನಿಲ್ಲಿಸಿತು. ಅದೇ ಹಣಕಾಸು ವರ್ಷದಲ್ಲಿ ಆಸ್ತಿ ಗುಣಮಟ್ಟದ ಪರಿಶೀಲನೆಯನ್ನೂ ನಡೆಸಿತು. ನಮ್ಮ ಕಾಸರಗೋಡಿನವರಿಗೆ ಮನೆಮಾತಾದ ಕೆನರಾ ಬ್ಯಾಂಕನ್ನೇ ನೋಡಿ. 2014-15ರಲ್ಲಿ ಸುಮಾರು 2,700 ಕೋಟಿ ರೂಪಾಯಿ ಲಾಭ, ಮರುವರ್ಷ ಸುಮಾರು 2,800 ಕೋಟಿ ನಷ್ಟ. ಒಂದೇ ವರ್ಷದಲ್ಲಿ ನೌಕರರೆಲ್ಲ ಸೋಮಾರಿಗಳಾದರೇ? ಸಾಲಗಳು ಹಳೆಯವೇ, ಬಹುಮಟ್ಟಿಗೆ ಅಳತೆಗೋಲು ಬಿಗಿಯಾಯಿತು. 2017ರ ಅಕ್ಟೋಬರಿನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು ಕೇಂದ್ರ ಸರ್ಕಾರ 2.11 ಲಕ್ಷ ಕೋಟಿಯ ಯೋಜನೆ ಪ್ರಕಟಿಸಬೇಕಾಯಿತು. ತಡವಾಗಿ ಅಳೆದದ್ದರ ಬೆಲೆ ಅದರಲ್ಲೂ ಸೇರಿದೆ ಅಂತ ನನ್ನ ಅಭಿಪ್ರಾಯ.

ಶಾಖೆಯ ಮಟ್ಟದಲ್ಲೂ ಇದೇ ಕಥೆ. ಮಾರ್ಚ್ 31ಕ್ಕೆ ಠೇವಣಿ ಎಷ್ಟು ಅಂತ ಕೇಳಿದರೆ ಮ್ಯಾನೇಜರ್ ಆ ದಿನಕ್ಕೆ ಠೇವಣಿ ತರಿಸಬಹುದು, ಏಪ್ರಿಲ್ ಮೊದಲ ವಾರ ಅದು ವಾಪಸ್ ಹೋಗಬಹುದು. ವರ್ಷದ ಸರಾಸರಿ ಕೇಳಿದರೆ ಈ ಆಟ ಅಷ್ಟು ಸುಲಭವಲ್ಲ.

ಆದ್ದರಿಂದ ಪ್ರಬಂಧ ಬರೆಯುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ. ಕ್ಯಾಮೆಲ್ಸ್ ಅಂಕಗಳನ್ನು ಅದೇ ವರ್ಷದ ಲಾಭಕ್ಕೆ ಜೋಡಿಸಿ ‘ಸಂಬಂಧ ಸಿಕ್ಕಿತು’ ಅನ್ನಬೇಡಿ, ಗಳಿಕೆ ಆ ಅಂಕದೊಳಗೇ ಕೂತಿದೆ. ಎರಡು-ಮೂರು ವರ್ಷ ಆಮೇಲಿನ ಲಾಭದ ಜತೆ ಹೋಲಿಸಿ. ವಸೂಲಾಗದ ಸಾಲಕ್ಕೆ ಹಣ ತೆಗೆದಿಡುವ ಮುಂಚಿನ ಕಾರ್ಯಾಚರಣೆ ಲಾಭವನ್ನೂ ಪಕ್ಕದಲ್ಲಿಡಿ.