ನಿಮಗಿದು ಗೊತ್ತೆ? 67ಕ್ಕೆ ತೆರೆಗೆ, 92ಕ್ಕೆ ಹಸೆಮಣೆಗೆ!

ಅಮೆರಿಕದ ಪೋಷಕ ನಟ ಬರ್ಟ್ ಮಸ್ಟಿನ್ ಮೊದಲು ಬೆಳ್ಳಿತೆರೆಗೆ ಬಂದಾಗ ವಯಸ್ಸು 67! ಅದುವರೆಗೆ ಹೊಟ್ಟೆಪಾಡಿಗೆ ಪಿಟ್ಸ್‌ಬರ್ಗ್‌ನಲ್ಲಿ ಕಾರು ಮಾರಾಟ, ನಾಟಕವೇನಿದ್ದರೂ ಹವ್ಯಾಸ. ನಿವೃತ್ತಿಯ ಬಳಿಕ ಅರಿಜೋನಾದ ರಂಗಮಂದಿರವೊಂದರಲ್ಲಿ ಅವರ ಅಭಿನಯ ಕಂಡ ನಿರ್ದೇಶಕ ವಿಲಿಯಂ ವೈಲರ್, 1951ರ ‘ಡಿಟೆಕ್ಟಿವ್ ಸ್ಟೋರಿ’ಯಲ್ಲಿ ಸಣ್ಣ ಪಾತ್ರ ಕೊಟ್ಟರು. ಆಮೇಲೆ ಬಿಡುವೇ ಇಲ್ಲ. ಟಿ.ವಿ. ಧಾರಾವಾಹಿಗೆ ಅಜ್ಜ ಬೇಕೆಂದರೆ ಮಸ್ಟಿನ್‌ಗೇ ಕರೆ. ತೆರೆಯ ಮೇಲೆ ಯುವಕನಾಗುವ ಯೋಗವಂತೂ ಬರಲಿಲ್ಲ. ಮದುಮಗನಾಗುವ ಯೋಗ ಬಂತು! 1976ರ ಡಿಸೆಂಬರ್‌ನಲ್ಲಿ ಪ್ರಸಾರವಾದ ‘ಫಿಲಿಸ್’ ಧಾರಾವಾಹಿಯ ಕಂತಿನಲ್ಲಿ ವರನಾದಾಗ ಅವರಿಗೆ 92. ವಧುವಾಗಿ ನಟಿಸಿದ ಜೂಡಿತ್ ಲೌರಿಗೆ 86. ಆ ಕಂತು ಪ್ರಸಾರವಾಗುವ ಮೊದಲೇ ಲೌರಿ ತೀರಿಕೊಂಡಿದ್ದರು. ಪ್ರಸಾರದ ಮರುತಿಂಗಳೇ ಮಸ್ಟಿನ್ ಕೂಡ.