ಶಸ್ತ್ರಚಿಕಿತ್ಸೆ ಮೊದಲೋ, ಸಂತಾನ ಪ್ರಯತ್ನ ಮೊದಲೋ?

ಮುಟ್ಟಿನ ನೋವು ಹೆಣ್ಣಿಗೆ ಹುಟ್ಟಿನೊಡನೆ ಬಂದ ಪಾಲು, ಮದುವೆಯಾಗಿ ಒಂದು ಮಗುವಾದರೆ ತಾನೇ ಸರಿಹೋಗುತ್ತದೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಸಮಾಧಾನಕ್ಕಾಗಿ ಹೇಳುತ್ತ ಬಂದಿದ್ದೇವೆ. ಆ ಮಾತಿನ ಮರೆಯಲ್ಲಿ ವರ್ಷಗಟ್ಟಲೆ ಅಡಗಿ ಕುಳಿತುಕೊಳ್ಳುವ ರೋಗವೊಂದಿದೆ. ಅದೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10ರಷ್ಟು ಮಂದಿಯನ್ನು ಇದು ಪೀಡಿಸುತ್ತದೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಗರ್ಭನಾಳ, ಹೊಟ್ಟೆಯ ಒಳಪೊರೆ ಮುಂತಾದೆಡೆ ಬೆಳೆಯುವುದೇ ಈ ರೋಗದ ಸ್ವರೂಪ. ಅದು ಉರಿಯೂತವನ್ನುಂಟುಮಾಡಿ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟಾದರೆ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಸಹಿಸಲಾಗದ ಮುಟ್ಟಿನ ನೋವು, ದಾಂಪತ್ಯದ ವೇಳೆಯ ನೋವು, ಗರ್ಭ ನಿಲ್ಲದಿರುವುದು ಇದರ ಮುಖ್ಯ ಲಕ್ಷಣಗಳು. ಆದರೆ ಈ ರೋಗವಿದ್ದವರೆಲ್ಲ ಬಂಜೆಯರಲ್ಲ. ಅನೇಕರು ಯಾವ ಚಿಕಿತ್ಸೆಯೂ ಇಲ್ಲದೆ ತಾಯಂದಿರಾಗುತ್ತಾರೆ. ಈ ಮಾತನ್ನು ಮನೆಯವರೆಲ್ಲರೂ ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಹಾಗಾದರೆ ಮಗುವನ್ನು ಬಯಸುವವರು ಶಸ್ತ್ರಚಿಕಿತ್ಸೆಯನ್ನು ಯಾವಾಗ ಮಾಡಿಸಿಕೊಳ್ಳಬೇಕು? ಎರಡೂ ಪಕ್ಷಗಳನ್ನು ತೂಗಿ ನೋಡೋಣ.

ನೋವನ್ನು ತಗ್ಗಿಸುವ ಹಾರ್ಮೋನ್ ಔಷಧಿಗಳಲ್ಲಿ ಹೆಚ್ಚಿನವು ಗರ್ಭಧಾರಣೆಯನ್ನೇ ತಡೆಯುತ್ತವೆ. ಸಂತಾನ ಬಯಸುವವರಿಗೆ ಅವು ಒದಗುವುದಿಲ್ಲ. ಆದುದರಿಂದ ನೋವು ತೀವ್ರವಾಗಿದ್ದಲ್ಲಿ ಶಸ್ತ್ರಚಿಕಿತ್ಸೆಗೆ ಬಲವಾದ ಕಾರಣವಿದೆ. ರೋಗ ಸೌಮ್ಯವಾಗಿದ್ದಾಗ ಲ್ಯಾಪರಾಸ್ಕೋಪಿಯಿಂದ ಅದನ್ನು ತೆಗೆದರೆ ಗರ್ಭಧಾರಣೆಗೂ ಸಹಾಯವಾಗಬಹುದು. 1997ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 341 ಸ್ತ್ರೀಯರನ್ನು 36 ವಾರ ಗಮನಿಸಲಾಯಿತು. ರೋಗವನ್ನು ತೆಗೆಸಿಕೊಂಡವರಲ್ಲಿ ಸುಮಾರು ಶೇ. 31 ಮಂದಿಗೂ, ಕೇವಲ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 18 ಮಂದಿಗೂ ಗರ್ಭ ನಿಂತಿತು. 1999ರ ಇಟಲಿಯ ಸಣ್ಣ ಅಧ್ಯಯನದಲ್ಲಿ ಇಂಥ ಲಾಭ ಕಾಣಲಿಲ್ಲ. ಲಾಭವುಂಟೆನ್ನಬಹುದು, ಖಾತ್ರಿಯೆನ್ನಲಾಗದು.

ಇನ್ನು ಮತ್ತೊಂದು ಪಕ್ಷ. ಹೆಣ್ಣು ತನ್ನ ಅಂಡಗಳ ಭಂಡಾರವನ್ನು ಹುಟ್ಟುವಾಗಲೇ ಹೊತ್ತು ಬರುತ್ತಾಳೆ. ಖರ್ಚಾದದ್ದು ಮತ್ತೆ ತುಂಬುವುದಿಲ್ಲ. ಚಾಕೊಲೇಟ್ ಸಿಸ್ಟನ್ನು ಸುಲಿದು ತೆಗೆಯುವಾಗ ಅದರೊಡನೆ ಆರೋಗ್ಯವಂತ ಅಂಡಾಶಯದ ಭಾಗವೂ ಹೋಗಬಹುದು. ಎರಡೂ ಅಂಡಾಶಯಗಳಲ್ಲಿ ಗಂಟಿದ್ದರೆ, ಇಲ್ಲವೇ ಹಿಂದೆಯೇ ಒಮ್ಮೆ ಶಸ್ತ್ರಚಿಕಿತ್ಸೆಯಾಗಿದ್ದರೆ ಈ ನಷ್ಟ ಹೆಚ್ಚು. ಅದಕ್ಕಾಗಿಯೇ ಯುರೋಪಿನ ತಜ್ಞರ 2022ರ ಮಾರ್ಗಸೂಚಿಯು, ಐ.ವಿ.ಎಫ್. ಫಲ ಹೆಚ್ಚಲೆಂಬ ಒಂದೇ ಉದ್ದೇಶದಿಂದ ಇಂಥ ಗಂಟುಗಳನ್ನು ಮೊದಲೇ ತೆಗೆಸುವ ರೂಢಿ ಬೇಡವೆಂದಿದೆ.

ಎರಡು ಉದಾಹರಣೆಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬಳಿಗೆ 27 ವರ್ಷ. ನೋವು ಬಹಳ, ಅಂಡಗಳ ಸಂಗ್ರಹ ಚೆನ್ನಾಗಿದೆ, ಪತಿಯ ವೀರ್ಯಪರೀಕ್ಷೆಯೂ ಸರಿಯಾಗಿದೆ. ಈಕೆ ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಚೇತರಿಸಿಕೊಂಡೊಡನೆ ಸಹಜವಾಗಿ ಪ್ರಯತ್ನಿಸುವುದು ಯುಕ್ತವಾದೀತು. ಇನ್ನೊಬ್ಬಳಿಗೆ 37, ಎರಡೂ ಕಡೆ ಗಂಟು, ಎ.ಎಂ.ಎಚ್. ರಕ್ತಪರೀಕ್ಷೆಯಲ್ಲಿ ಸಂಗ್ರಹ ಕಡಿಮೆ. ಈಕೆಗೆ ಕತ್ತರಿಗಿಂತ ಮೊದಲು ಸಂತಾನತಜ್ಞರ ಭೇಟಿ ಅಗತ್ಯ. ಶಸ್ತ್ರಚಿಕಿತ್ಸೆ ಅನಿವಾರ್ಯವಾದರೂ ಅದಕ್ಕೆ ಮುನ್ನ ಅಂಡ ಅಥವಾ ಭ್ರೂಣವನ್ನು ಶೀತಲದಲ್ಲಿ ಕಾದಿರಿಸುವ ಮಾರ್ಗವಿದೆ. ರೋಗ ಒಂದೇ ಆದರೂ ದಾರಿ ಬೇರೆ.

ಆದರೆ ಮೂತ್ರನಾಳಕ್ಕೆ ಅಥವಾ ಕರುಳಿಗೆ ತಡೆಯುಂಟಾಗಿದ್ದರೆ, ಗಂಟಿನ ಸ್ವರೂಪದ ಬಗ್ಗೆ ಸಂಶಯವಿದ್ದರೆ ಸಂತಾನದ ಲೆಕ್ಕ ಹಾಕುತ್ತ ಕೂರಬಾರದು. ಅಲ್ಲಿ ಜೀವದ ಮತ್ತು ಅಂಗದ ರಕ್ಷಣೆಯೇ ಮೊದಲು.

ಶಸ್ತ್ರಚಿಕಿತ್ಸೆಯ ಅನಂತರದ ಕಾಲವೂ ಬೆಲೆಯುಳ್ಳದ್ದು. ರೋಗ ಮರುಕಳಿಸುವ ಸ್ವಭಾವದ್ದಾದುದರಿಂದ ವೈದ್ಯರು ಒಪ್ಪಿದೊಡನೆ ಪ್ರಯತ್ನ ಆರಂಭಿಸಬೇಕು. ಫಲವತ್ತತೆ ಹೆಚ್ಚಲೆಂದು ಹಾರ್ಮೋನ್ ಗುಳಿಗೆ ನುಂಗುತ್ತ ತಿಂಗಳುಗಳನ್ನು ಕಳೆಯುವುದರಿಂದ ಪ್ರಯೋಜನವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕಂಡುದನ್ನು ವಯಸ್ಸು ಮುಂತಾದುವುಗಳೊಡನೆ ಸೇರಿಸಿ 0ಯಿಂದ 10ರವರೆಗೆ ಅಂಕ ಕೊಡುವ ಪದ್ಧತಿಯೊಂದು 2010ರಿಂದ ಬಳಕೆಯಲ್ಲಿದೆ. ಅಂಕ ಹೆಚ್ಚಿದ್ದರೆ ಸಹಜ ಪ್ರಯತ್ನಕ್ಕೆ ಅವಕಾಶ ಕೊಡಬಹುದು, ಕಡಿಮೆಯಿದ್ದರೆ ಐ.ವಿ.ಎಫ್.ಗೆ ತಡಮಾಡಬಾರದು.

ಗಡಿಯಾಚೆಯ ನಮಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. ಕಾಸರಗೋಡಿನವರು ಮಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಎಂದು ಊರೂರು ಅಲೆಯುವಾಗ ಸ್ಕ್ಯಾನ್ ಚಿತ್ರ, ರಕ್ತಪರೀಕ್ಷೆ, ಶಸ್ತ್ರಚಿಕಿತ್ಸೆಯ ವರದಿ ಇವೆಲ್ಲವೂ ಒಂದೇ ಕಡತದಲ್ಲಿ ಜೊತೆಗಿರಲಿ. ವೈದ್ಯರ ಮಾತು ಅನ್ಯಭಾಷೆಯಲ್ಲಿದ್ದರೆ ಅರ್ಥವಾಗುವವರೆಗೆ ಕೇಳಲು ಸಂಕೋಚ ಬೇಡ. ಈ ಶಸ್ತ್ರಚಿಕಿತ್ಸೆ ನೋವಿಗಾಗಿಯೋ, ಮಗುವಿಗಾಗಿಯೋ? ಇದರಿಂದ ಅಂಡಗಳ ಸಂಗ್ರಹಕ್ಕೆ ಎಷ್ಟು ಹಾನಿ? ಈಗ ಮಾಡಿಸದಿದ್ದರೆ ಆಗುವುದೇನು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಪತಿಯ ಪರೀಕ್ಷೆ ಅದಕ್ಕಿಂತ ಮೊದಲೇ ಮುಗಿದಿರಬೇಕು. ದೋಷ ಅಲ್ಲಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ.

ಅತ್ತೆ, ತಾಯಿ, ನೆರೆಹೊರೆಯವರು ಹಿತವನ್ನೇ ಬಯಸುವವರಿರಬಹುದು. ಆದರೆ ನೋವುಣ್ಣುವ ದೇಹ ಒಬ್ಬಳದು. ಯಾವಾಗ, ಯಾವ ದಾರಿ ಎಂಬ ನಿರ್ಧಾರದಲ್ಲಿ ಆಕೆಯ ಮಾತೇ ಮೊದಲನೆಯದಾಗಲಿ. ಪತಿ ಅದಕ್ಕೆ ಬೆಂಬಲವಾಗಿ ನಿಲ್ಲಲಿ. ಉಳಿದವರು ತಮ್ಮ ಪ್ರಶ್ನೆಗಳನ್ನು ತಡೆದುಕೊಂಡರೆ ಅದೇ ದೊಡ್ಡ ಉಪಕಾರ.